ಕಡವಿನ ಲೆಕ್ಕ

ಕೂಳೂರಿನ ಗೋದಾಮಿನ ಹಿಂದೆ,
ಗೇರುಸಿಪ್ಪೆ ಎಣ್ಣೆಯ ವಾಸನೆ ಗೋಡೆಗೂ ಹತ್ತಿದ ಕೋಣೆಯಲ್ಲಿ
ಈಗ ಒಂದೇ ಸರ್ವರ್.
ಮೊದಲು ಊರಿಗೊಂದಿತ್ತು.
ಅಬಿಜಾನದ್ದು ಮೆಟ್ಟಿಲಡಿ ಉಪ್ಪುಗಾಳಿಗೆ ತುಕ್ಕು ಹಿಡಿದು ಸತ್ತಿತು,
ರಾಟರ್‌ಡ್ಯಾಮಿನದ್ದರ ಮೇಲೆ ಯಾರೋ ಕಾಫಿ ಚೆಲ್ಲಿದರು,
ದಾರೆಸ್ಸಲಾಮಿನದ್ದರ ಪಾಸ್‌ವರ್ಡು
ಕೆಲಸ ಬಿಟ್ಟವನ ಜೊತೆಗೇ ಹೋಯಿತು.
ಎಲ್ಲ ಇಲ್ಲಿಗೇ ತನ್ನಿ ಅಂದರು ಸಣ್ಣ ಧಣಿ.
ತಂದೆವು. ಬೀಗ ಒಂದು,
ಬೀಗದಕೈ ನನ್ನ ಸೊಂಟದಲ್ಲಿ.

ಅಂದಿನಿಂದ ಫೋನು ಶುರು.
"ಸುಗಂಧೀ, ಒಂದು ಕಾಗದ ಬಿಚ್ಚಲು ಮೂವತ್ತಾರು ಸೆಕೆಂಡು!"
ಅಬಿಜಾನದ ಅಜುವಾ ಗಡಿಯಾರ ಹಿಡಿದೇ ಕೂತಿದ್ದಾಳೆ.
ಧಣಿ ಲೈನು ಅಗಲ ಮಾಡಿಸಿದರು, ಎರಡು ಸಲ.
ಬಿಲ್ಲು ಅಗಲವಾಯಿತು.
ಮೂವತ್ತಾರು ಮೂವತ್ತಾರೇ.

ಒಂದು ರಾತ್ರಿ ತಂತಿಗೆ ಕಿವಿಯಿಟ್ಟೆ.
ಇದ್ದೀಯಾ?
ಇದ್ದೇನೆ.
ಕೊಡಲಾ?
ಕೊಡು.
ಸಿಕ್ಕಿತಾ?
ಸಿಕ್ಕಿತು, ಇನ್ನೊಂದು ತುಂಡು ಕೊಡು.
ಕೊಡಲಾ?
ಹೀಗೆ ನೂರೆಂಟು ಸಲ,
ಒಂದೊಂದು ಸಲಕ್ಕೂ ಸೆಕೆಂಡಿನ ಮೂರನೇ ಪಾಲು
ಕಡಲ ತಳದಲ್ಲಿ ಹೋಗಿ ಬರುವ ದಾರಿಗೆ.
ನಮ್ಮ ಬತ್ತೇರಿಯ ಕಡವಿನಲ್ಲಿ
ದೋಣಿಗೆ ಒಬ್ಬೊಬ್ಬರನ್ನೇ ಹತ್ತಿಸಿ
ತಣ್ಣೀರುಬಾವಿಗೆ ದಾಟಿಸಿದ ಹಾಗೆ.
ದೋಣಿ ದೊಡ್ಡದು ಮಾಡಿ ಎಂತ ಪ್ರಯೋಜನ?
ಹೊಳೆಯ ಅಗಲ ಯಾರ ಬಿಲ್ಲಿಗೂ ಕುಗ್ಗುವುದಿಲ್ಲ.

ಟೆಲೆಕ್ಸಿನ ವಾಮನ ಕಿಣಿಮಾಮ್
ಪಿಂಚಣಿ ಕಾಗದದ ನೆಪದಲ್ಲಿ ಗುರುವಾರ ಬರುತ್ತಾರೆ, ಚಾ ಕುಡಿದು ಹೋಗುತ್ತಾರೆ.
ಕೇಳಿದವರೇ ಚೀಲದಿಂದ ನೀಲಿ ಪುಸ್ತಕ ತೆಗೆದರು.
ಬಂಗುಡೆ: ದರ ಒಪ್ಪಿಗೆ, ವಿಮೆ ನಿಮ್ಮದು.
ಬೂತಾಯಿ: ಹಡಗು ತಡ, ಬ್ಯಾಂಕಿಗೆ ಹೇಳಿ.
ಕಾಣೆ: ಅದು ಹೇಳಬೇಕಾ, ಮಾಲು ಸಿಕ್ಕಲಿಲ್ಲ.
ನಿಮಿಷಕ್ಕೆ ದುಡ್ಡು ಎಣಿಸುವ ಕಾಲ,
ಇಲ್ಲಿಂದ ಮೊಂಬಾಸಾಕ್ಕೆ ಒಂದು ಮೀನು ಹೋಗುತ್ತಿತ್ತು,
ಅಲ್ಲಿ ಅದೇ ಪುಸ್ತಕ ಬಿಡಿಸಿ ಇಡೀ ಕಾಗದ ಓದುತ್ತಿದ್ದರು.
"ಎದುರಿನವನಿಗೆ ಗೊತ್ತಿರುವುದನ್ನೇ
ಮತ್ತೆ ಕಳಿಸುವುದು ಯಾಕೆ ಮಾರಾಯ್ತಿ?"

ಎರಡೂ ದಡಕ್ಕೆ ಒಂದೊಂದು ಪೆಟ್ಟಿಗೆ ಕೂರಿಸಿದೆ.
ಆರು ವರ್ಷದ ಕಾಗದ ಉಣಿಸಿದೆ ಅವಕ್ಕೆ.
ಹನ್ನೊಂದು ಜನ ಹನ್ನೊಂದು ಸಲ ಕಳಿಸುವ ದರಪಟ್ಟಿ,
ಪ್ರತಿ ಸಹಿಯಡಿಯ ಅದೇ ಗೇರುಹಣ್ಣಿನ ಚಿತ್ರ,
ಇನ್ನು ಬರೀ ಅಂಕೆಯಾಗಿ ದಾಟಬೇಕು.
"ಇದ್ದೀಯಾ" ಅಂದರೆ "ಇದ್ದೇನೆ" ಅನ್ನಲು
ಕಡಲಾಚೆ ಹೋಗುವುದು ಬೇಡ, ಹತ್ತಿರದ ಪೆಟ್ಟಿಗೆ ಸಾಕು.
ಕಾಗದಕ್ಕೆ ಮೊದಲ ದಾರಿ,
ಕ್ರಿಕೆಟ್ಟು ಆಮೇಲೆ ಬರಲಿ.

ಮಾರ್ಚಿನ ಸೆಕೆ. ಬೆಳಿಗ್ಗೆ ಆರೂವರೆ.
ಮೊದಲು ಕಣ್ಣು ಬಿಟ್ಟದ್ದು ಹೈಫಾಂಗ್.
ಲಿಯೆನ್ ಬರೆದಳು: ನಾಲ್ಕು ಸೆಕೆಂಡು.
ಮತ್ತೆ: ಈಗ ಮೂರು.
ಮತ್ತೆ, ಕೆಲಸವಿಲ್ಲದ ಒಂದು ಸಾಲು:
ನಿನಗೆ ಅಲ್ಲಿ ನಿದ್ದೆ ಆಯಿತಾ?

ಪೆಟ್ಟಿಗೆ ತನ್ನ ದಾಖಲೆಯಲ್ಲಿ ಬರೆದುಕೊಂಡಿತ್ತು:
ಹೋಲಿಕೆ ಇಲ್ಲ.
ಕುಗ್ಗಿಸಲಾಗಲಿಲ್ಲ.
ಪೂರ್ತಿ ಕಳಿಸಲಾಗಿದೆ.
ಆರು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ ಅಂತಾಯಿತು.
ಕಿಣಿಮಾಮ್ ಬಿಟ್ಟುಹೋದ ಪುಸ್ತಕ ತಿರುವಿದೆ,
ಕೊನೆಯ ಪುಟದ ತನಕ.
ಇದಕ್ಕೆ ಯಾವ ಮೀನೂ ಇಟ್ಟಿರಲಿಲ್ಲ.
ಇಲ್ಲ, ಅಂತ ಬರೆದೆ. ಆಗಲಿಲ್ಲ. ನಿನಗೆ?

ಬೀಗ ಹಾಕಿ ಕಡವಿಗೆ ಬಂದೆ.
ಇಬ್ರಾಯಿ ಹದಿನೆಂಟು ತಲೆಯಾಗದೆ ಹಗ್ಗ ಬಿಚ್ಚುವವನಲ್ಲ,
ಅವನದೂ ನನ್ನದೇ ಲೆಕ್ಕ.
ತುಂಬಿತು, ಬಿಚ್ಚಿದ.
ನಡುಹೊಳೆಗೆ ಬಂದಾಗ ಹಿಂದಿನಿಂದ ಒಂದು ಕೂಗು,
ಬುಟ್ಟಿ ಹೊತ್ತು ಓಡಿ ಬರುವ ಒಬ್ಬಳು.
ಇಬ್ರಾಯಿ ಏನೂ ಹೇಳದೆ ದೋಣಿ ತಿರುಗಿಸಿದ.
ಒಬ್ಬಳಿಗೆ ಒಂದು ದಾಟು!
ನನ್ನ ಬಾಯಿಗೆ ಅಂಕೆ ಬಂದಿತ್ತು,
ನುಂಗಿದೆ.
ಬುಟ್ಟಿಯಿಂದ ನೀರು ತೊಟ್ಟಿಕ್ಕುತ್ತಿತ್ತು.
ಚಪ್ಪಲಿ ಎತ್ತಿಕೊಂಡು ಸ್ವಲ್ಪ ಸರಿದು ಕೂತೆ.